ಇಪ್ಪತ್ತರ ವಯಸ್ಸಿನ ದುಃಖ ಮತ್ತು ಕನ್ನಡ ಕಾದಂಬರಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಎರಡು ವಾರಗಳ ಹಿಂದೆ ಬಂದ ಲೇಖನವೊಂದರಲ್ಲಿ, ಮನೆಯಲ್ಲೊಂದು ಸಾವು ಸಂಭವಿಸಿದ ಬಳಿಕ ಬದುಕಿನ ಅರ್ಥವನ್ನು ಹುಡುಕಿಕೊಂಡು ಹೊರಡುವ ತರುಣ ತರುಣಿಯರ ಕಥೆ ಹೇಳುವ ಕಾದಂಬರಿಗಳು ಹೊರಗಿನಿಂದ ಬಂದ ಶೋಕಿ ಎಂದೂ, ಅವು ನಮ್ಮ ನೆಲಕ್ಕೆ ಒಗ್ಗುವಂಥವಲ್ಲವೆಂದೂ ಬರೆಯಲಾಗಿತ್ತು. ನಮ್ಮಲ್ಲಿ ಸಾವು ಇಡೀ ಕುಟುಂಬದ್ದು, ಅದರ ದುಃಖವನ್ನು ಕುಟುಂಬವೇ ಹೊರುತ್ತದೆ, ಆದ್ದರಿಂದ ಒಬ್ಬ ಹುಡುಗನೋ ಹುಡುಗಿಯೋ ಒಂಟಿಯಾಗಿ ಕುಳಿತು ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಮೇಯ ಬರುವುದಿಲ್ಲ ಎಂಬುದು ಲೇಖಕರ ವಾದ. ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಈ ಮಾತು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯವಿಲ್ಲ. ಅಂಥ ಕಾದಂಬರಿಗಳು ಕನ್ನಡದಲ್ಲಿ ವಿರಳ ಎಂಬುದು ನಿಜ. ಆದರೆ ಅದಕ್ಕೆ ಅವರು ಕೊಟ್ಟ ಕಾರಣ ಸರಿಯಲ್ಲ ಎಂದು ತೋರಿದ್ದರಿಂದ ಈ ಪತ್ರ.

ಈ ವಿಷಯವನ್ನು ನಾನು ಯೋಚಿಸತೊಡಗಿದ್ದು ನಮ್ಮ ಬೀದಿಯ ಒಬ್ಬ ಹುಡುಗಿಯಿಂದ. ಅವಳ ತಂದೆ ಇಲ್ಲಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. 2021ರಲ್ಲಿ ಕೊರೊನಾದ ಎರಡನೆಯ ಅಲೆಯಲ್ಲಿ ತೀರಿಕೊಂಡರು. ದೇಹ ಮನೆಗೆ ಬರಲಿಲ್ಲ, ನೆಂಟರು ಬರಲಿಲ್ಲ, ಹನ್ನೊಂದನೆಯ ದಿನದ ತಿಥಿಗೆ ಐದು ಜನ ಇದ್ದರೋ ಇಲ್ಲವೋ. ಅವಳು ಆಗ ದ್ವಿತೀಯ ಪಿಯುಸಿ. ಆ ವರ್ಷ ಪರೀಕ್ಷೆಯೇ ರದ್ದಾಗಿ ಎಲ್ಲರೂ ಪಾಸಾದರು. ಅಪ್ಪ ಸತ್ತದ್ದಕ್ಕೂ ಪರೀಕ್ಷೆ ಬರೆಯದೆ ಪಾಸಾದದ್ದಕ್ಕೂ ತನ್ನ ಮನಸ್ಸಿನಲ್ಲಿ ಏನೋ ಗಂಟು ಬಿದ್ದುಬಿಟ್ಟಿದೆ, ಎರಡೂ ತಾನು ಕಣ್ಣಾರೆ ನೋಡದೆ ಮುಗಿದುಹೋದ ಸಂಗತಿಗಳು ಎಂದು ಅವಳೊಮ್ಮೆ ನನಗೆ ಹೇಳಿದ್ದಳು. ದುಃಖವನ್ನು ಕುಟುಂಬ ಹೊರುತ್ತದೆ ಎನ್ನುವ ಲೇಖಕರು ಆ ವರ್ಷ ಯಾವ ಮನೆಗಳನ್ನು ನೋಡಿದರೋ ನನಗೆ ತಿಳಿಯದು.

ಈಗ ಬಿ.ಎಡ್. ಓದುತ್ತಿರುವ ಆ ಹುಡುಗಿ ಕಳೆದ ವರ್ಷ ಮೊಬೈಲಿನಲ್ಲಿ ಇಂಗ್ಲಿಷ್ ಅನುವಾದವೊಂದನ್ನು ಓದಿ, ಅದನ್ನು ನನಗೂ ಓದಿಸಿದಳು. ಜಪಾನಿನ ಬನಾನಾ ಯೊಶಿಮೊಟೊ 1988ರಲ್ಲಿ ಪ್ರಕಟಿಸಿದ ‘ಕಿಚನ್’ ಎಂಬ ಕಿರುಕಾದಂಬರಿ ಅದು. ಮಿಕಾಗೆ ಎಂಬ ತರುಣಿಯನ್ನು ಸಾಕಿದ ಅಜ್ಜಿ ಸಾಯುತ್ತಾಳೆ. ಅಲ್ಲಿಗೆ ಅವಳ ರಕ್ತಸಂಬಂಧಿಗಳೆಲ್ಲ ಮುಗಿದಂತಾಗುತ್ತದೆ. ಮನೆಯಲ್ಲಿ ಎಲ್ಲಿಯೂ ನಿದ್ದೆ ಹತ್ತದೆ ಅವಳು ಅಡುಗೆಮನೆಯಲ್ಲಿ ಫ್ರಿಜ್ಜಿನ ಪಕ್ಕ ಹಾಸಿಕೊಂಡು, ಅದರ ಗುಂಯ್‌ಗುಡುವ ಸದ್ದು ಕೇಳುತ್ತಾ ಮಲಗುತ್ತಾಳೆ. ಮುಂದೆ ಅಡುಗೆ ಕಲಿಯುತ್ತಾಳೆ, ಅಡುಗೆ ಕಲಿಸುವವರೊಬ್ಬರ ಕೈಕೆಳಗೆ ಕೆಲಸಕ್ಕೆ ಸೇರುತ್ತಾಳೆ, ತನ್ನಂತೆಯೇ ಎಲ್ಲರನ್ನೂ ಕಳೆದುಕೊಂಡ ಗೆಳೆಯನಿಗೆ ಒಂದು ರಾತ್ರಿ ಬಿಸಿ ಊಟದ ಪೊಟ್ಟಣ ಹಿಡಿದು ಟ್ಯಾಕ್ಸಿಯಲ್ಲಿ ಬಹುದೂರ ಹೋಗುತ್ತಾಳೆ. ಕಥೆ ಎಂದರೆ ಹೆಚ್ಚುಕಡಿಮೆ ಇಷ್ಟೇ. ಲೇಖಕರು ಹೀಗಳೆದ ‘ಅರ್ಥದ ಹುಡುಕಾಟ’ ಇಲ್ಲಿ ಧ್ಯಾನವಾಗಲಿ ಪರ್ವತಯಾತ್ರೆಯಾಗಲಿ ಅಲ್ಲ, ನಾಳೆ ಏನು ಅಡುಗೆ ಮಾಡುವುದು ಎಂಬ ಪ್ರಶ್ನೆ. ಇದಕ್ಕಿಂತ ನಮ್ಮದಾದ ಪ್ರಶ್ನೆ ಬೇರೆ ಯಾವುದಿದೆ? ಪುಸ್ತಕ ಮುಗಿಸಿದ ಮೇಲೆ ಅವಳು ಕೇಳಿದಳು: “ಮೇಡಂ, ಕನ್ನಡದಲ್ಲಿ ಇಂಥದ್ದು ಯಾವುದಿದೆ?” ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ನಮ್ಮ ಕಾದಂಬರಿಗಳಲ್ಲಿ ಸಾವಿಗೇನೂ ಕೊರತೆಯಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970) ನಮ್ಮ ತಿಪಟೂರು ಸೀಮೆಯದೇ ಕಥೆ. ಇಲಿ ಬಿದ್ದಿತೆಂದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವನ್ನು ನನ್ನ ಅಜ್ಜಿ ಕಂಡವರು; ಆ ಪುಸ್ತಕವನ್ನು ನಾನು ಓದಿ ಹೇಳುತ್ತಿದ್ದಾಗ ಪ್ಲೇಗಿನ ಭಾಗ ಬಂದೊಡನೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಗಂಡ ಹೆಸರಿಗೆ ಮಾತ್ರ ಶಾನುಭೋಗನಾಗಿರುವಾಗ ತಾನೇ ಶಾನುಭೋಗಿಕೆಯ ಲೆಕ್ಕ ಬರೆದು, ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರ ನಡೆಸುವ ನಂಜಮ್ಮನ ಕಣ್ಣೆದುರಿಗೇ ಮಕ್ಕಳಾದ ಪಾರ್ವತಿ, ರಾಮಣ್ಣ ಒಬ್ಬರ ಹಿಂದೆ ಒಬ್ಬರಂತೆ ಹೋಗುತ್ತಾರೆ; ಮುಂದೆ ನಂಜಮ್ಮನೂ ಹೋಗುತ್ತಾಳೆ; ಉಳಿದ ಕಿರಿಯ ಮಗ ವಿಶ್ವ ಜಂಗಮ ಮಹಾದೇವಯ್ಯನವರ ಜೊತೆ ಊರು ಬಿಟ್ಟು ಹೊರಡುತ್ತಾನೆ. ಕಾದಂಬರಿ ಅಲ್ಲಿ ನಿಲ್ಲುತ್ತದೆ. ಹುಡುಗ ಎಲ್ಲಿಗೆ ಹೋದ, ತಾಯಿ ಇಲ್ಲದ ಹದಿನೆಂಟು ಇಪ್ಪತ್ತರ ಪ್ರಾಯವನ್ನು ಹೇಗೆ ದಾಟಿದ ಎಂಬುದು ಆ ಪುಸ್ತಕದ ಕೆಲಸವಲ್ಲ.

ಆ ಉತ್ತರ ಬೇಕಾದ ಓದುಗ ಕಾದಂಬರಿಯನ್ನು ಬಿಟ್ಟು ಅದೇ ಲೇಖಕರ ಆತ್ಮಕಥೆ ‘ಭಿತ್ತಿ’ಗೆ (1996) ಹೋಗಬೇಕು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿನಲ್ಲಿ ಕಳೆದುಕೊಂಡ ಹುಡುಗ ಓದು ಬಿಟ್ಟು ಅಲೆಯುವುದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಕೂಲಿಯಾಗುವುದು, ಸಾಧುಗಳ ಗುಂಪು ಸೇರಿ ತಿಂಗಳುಗಟ್ಟಲೆ ತಿರುಗಿ, ಕೊನೆಗೆ ಮೈಸೂರಿಗೆ ಮರಳಿ ಓದು ಮುಂದುವರಿಸುವುದು, ಸಾವೆಂದರೇನು ಎಂಬ ಪ್ರಶ್ನೆಯನ್ನೇ ಹಿಡಿದು ತತ್ವಶಾಸ್ತ್ರದ ತರಗತಿಗೆ ಬಂದು ಕೂರುವುದು, ಇವೆಲ್ಲ ಅಲ್ಲಿವೆ. ನನ್ನ ತಿಳಿವಳಿಕೆಯಲ್ಲಿ, ತಮ್ಮ ಪುರವಣಿಯ ಲೇಖಕರು ‘ಹೊರಗಿನಿಂದ ಬಂದದ್ದು’ ಎಂದ ಬಗೆಯ ಕಥೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿ ಇನ್ನೊಂದಿಲ್ಲ, ಮತ್ತು ಅದು ಕಾದಂಬರಿಯಲ್ಲ. 2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ನಿಧನರಾದಾಗ ನಾನು ಓದಿದ ಲೇಖನಗಳಲ್ಲಿ ಹೆಚ್ಚಿನವು ಅವರ ಸಿದ್ಧಾಂತದ ಪರವಾಗಿಯೋ ವಿರುದ್ಧವಾಗಿಯೋ ಇದ್ದವು. ಗೃಹಭಂಗದ ಕೊನೆಯ ಪುಟಕ್ಕೂ ಭಿತ್ತಿಯ ಆ ಪ್ರಕರಣಗಳಿಗೂ ನಡುವೆ ಬರೆಯದೆ ಉಳಿದ ಒಂದು ಕಾದಂಬರಿಯಿದೆ ಎಂಬುದನ್ನು ಯಾರೂ ಹೇಳಿದಂತೆ ಕಾಣಲಿಲ್ಲ.

ಹಾಗಾದರೆ ಸಾವಿನ ಮನೆಯ ಹೊಸ್ತಿಲನ್ನು ದಾಟಿ ಹೊರಗೆ ಕಾಲಿಟ್ಟ ತರುಣ ಪಾತ್ರ ನಮ್ಮ ಕಾದಂಬರಿಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಅದೇ ಲೇಖಕರ ‘ವಂಶವೃಕ್ಷ’ದ (1965) ಕಾತ್ಯಾಯನಿ ಇದ್ದಾಳೆ. ಗಂಡ ನಂಜುಂಡ ಶ್ರೋತ್ರಿ ಕಪಿಲಾ ನದಿಯ ಪಾಲಾದ ಮೇಲೆ, ಮಗುವನ್ನು ಅತ್ತೆಮಾವಂದಿರ ಬಳಿ ಬಿಟ್ಟು, ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಕಾಲೇಜಿಗೆ ಹೋಗಿಬರುವ ಆ ಇಪ್ಪತ್ತರ ಆಸುಪಾಸಿನ ವಿಧವೆಗಿಂತ ಸ್ಪಷ್ಟವಾಗಿ ‘ಕಳೆದುಕೊಂಡ ಮೇಲೆ ಮುಂದೇನು’ ಎಂದು ಕೇಳಿಕೊಂಡ ಪಾತ್ರ ನಮ್ಮಲ್ಲಿ ಎಷ್ಟಿವೆ? ಮನೆಯ ಉಸಿರುಗಟ್ಟುವ ಮೌನ, ರೈಲಿನ ಆ ಒಂದಿಷ್ಟು ಹೊತ್ತಿನ ಬಿಡುಗಡೆ, ರಾಜ ಎಂಬ ತರುಣನ ಪರಿಚಯ, ಪ್ರೀತಿಯೋ ಮಗುವೋ ಎಂಬ ಇಬ್ಬಂದಿ, ಮಾವ ಶ್ರೀನಿವಾಸ ಶ್ರೋತ್ರಿಗಳು ಬೈಯದೆ, ತಡೆಯದೆ, ನಿರ್ಧಾರವನ್ನು ಅವಳಿಗೇ ಬಿಟ್ಟುಬಿಡುವುದರಿಂದಲೇ ಅದು ಇನ್ನಷ್ಟು ಭಾರವಾಗುವುದು, ಇವನ್ನು ಬರೆದ ಕೈ ದೊಡ್ಡದು. ಈ ಅಧ್ಯಾಯಗಳನ್ನು ನಾನು ತರಗತಿಯಲ್ಲಿ ಓದಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗುತ್ತಿದ್ದರು.

ನಮ್ಮ ಬೀದಿಯ ಹುಡುಗಿಗೆ ನಾನು ಮೊದಲು ಕೊಟ್ಟದ್ದು ಈ ಪುಸ್ತಕವನ್ನೇ. ನಾಲ್ಕು ದಿನಕ್ಕೆ ಮುಗಿಸಿ ತಂದುಕೊಟ್ಟಳು, ಮುಖ ಗಂಟು ಹಾಕಿಕೊಂಡು. “ಹೊರಗೆ ಹೋಗೋದಕ್ಕೆ ಬಿಟ್ಟು ಆಮೇಲೆ ಅವಳನ್ನ ಯಾಕೆ ಸಾಯಿಸಿದರು ಮೇಡಂ?” ಎಂದಳು. ರಾಜನೊಂದಿಗಿನ ಎರಡನೆಯ ಮದುವೆಯಲ್ಲಿ ಕಾತ್ಯಾಯನಿಗೆ ಬಸಿರು ನಿಲ್ಲುವುದಿಲ್ಲ, ಮತ್ತೆ ಮತ್ತೆ ಇಳಿದುಹೋಗುತ್ತದೆ. ಹೆತ್ತ ಮಗ ತನ್ನ ಕಾಲೇಜಿನಲ್ಲೇ ವಿದ್ಯಾರ್ಥಿಯಾಗಿ ಎದುರು ಬಂದರೂ ಅವಳನ್ನು ತಾಯಿಯೆಂದು ಒಪ್ಪುವುದಿಲ್ಲ. ಕೊರಗಿ ಕೊರಗಿ ಅವಳು ಸಾಯುತ್ತಾಳೆ. ಇದು ಭೈರಪ್ಪನವರು ವಿಧಿಸಿದ ಶಿಕ್ಷೆಯೋ, ಅವಳ ಅಂತಃಸಾಕ್ಷಿಯೇ ಅವಳನ್ನು ತಿಂದದ್ದೋ ಎಂಬ ಚರ್ಚೆ ಹಳೆಯದು. ಮೊದಮೊದಲು ನಾನು ಎರಡನೆಯ ಪಕ್ಷದವಳಾಗಿದ್ದೆ. ಬಿಟ್ಟುಬಂದ ಮಗುವಿನ ಬಗ್ಗೆ ತಾಯಿಗೆ ಇರುವ ಸಂಕಟವನ್ನು ಸುಳ್ಳೆನ್ನುವುದು ಹೇಗೆ? ಆ ಸಂಕಟ ಈಗಲೂ ನನಗೆ ನಿಜವೆಂದೇ ತೋರುತ್ತದೆ. ಆದರೆ ಮನಸ್ಸಿನ ಸಂಕಟಕ್ಕೆ ದೇಹವೇ ನ್ಯಾಯಾಧೀಶನಾಗಿ ಕುಳಿತು ಮರಣದಂಡನೆ ಕೊಡುವುದು ಬದುಕಿನ ನಿಯಮವಲ್ಲ, ಕಥೆ ಹೇಳುವವರ ತೀರ್ಮಾನ. ಅಪ್ಪನನ್ನು ಕಳೆದುಕೊಂಡು, ಮನೆಯಿಂದ ಹೊರಗೆ ಓದಲು ಹೋಗುತ್ತಿರುವ ಹುಡುಗಿಗೆ ಆ ತೀರ್ಮಾನ ಹೇಗೆ ಕೇಳಿಸಿರಬಹುದು ಎಂದು ನಾನು ಮೊದಲೇ ಯೋಚಿಸಬೇಕಿತ್ತು.

ಒಮ್ಮೆ ಹೀಗೆ ನೋಡತೊಡಗಿದ ಮೇಲೆ ಬೇರೆ ಪುಸ್ತಕಗಳೂ ಬೇರೆಯಾಗಿ ಕಾಣಿಸಿದವು. ವಂಶವೃಕ್ಷ ಬಂದ 1965ರಲ್ಲೇ ಬಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಸಾವಿನಿಂದಲೇ ಆರಂಭವಾಗುತ್ತದೆ. ಆಚಾರ ಬಿಟ್ಟ ಬ್ರಾಹ್ಮಣ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಅಗ್ರಹಾರವೆಲ್ಲ ತಲೆ ಕೆಡಿಸಿಕೊಂಡಿರುವಾಗ, ಅರ್ಥವನ್ನು ಹುಡುಕಿಕೊಂಡು ಹೊರಡುವವರು ಪ್ರಾಣೇಶಾಚಾರ್ಯರು. ವಿದ್ವಾಂಸರು, ತಾರುಣ್ಯ ದಾಟಿದವರು. ನಿಜವಾಗಿ ಸಂಗಾತಿಯನ್ನು ಕಳೆದುಕೊಂಡವಳು ಚಂದ್ರಿ. ಚರ್ಚೆ ನಡೆಯುತ್ತಿರುವಾಗಲೇ ಅವಳು ಅಹಮದ್ ಬ್ಯಾರಿಯ ನೆರವಿನಿಂದ ರಾತ್ರೋರಾತ್ರಿ ಹೆಣ ಸುಡಿಸಿ ಕುಂದಾಪುರದ ಕಡೆ ಹೊರಟುಹೋಗುತ್ತಾಳೆ. ಇಡೀ ಅಗ್ರಹಾರಕ್ಕೆ ಆಗದ ಕೆಲಸವನ್ನು ಮಾಡಿ ಮುಗಿಸಿದವಳ ಮುಂದಿನ ದಿನಗಳು ಹೇಗಿದ್ದವು? ಕಾದಂಬರಿ ಆಚಾರ್ಯರ ಹಿಂದೆ ಹೋಗುತ್ತದೆ, ಅವಳ ಹಿಂದೆ ಹೋಗುವುದಿಲ್ಲ. ಅದು ಆ ಕೃತಿಯ ದೋಷವೆಂದು ನಾನು ಹೇಳುತ್ತಿಲ್ಲ, ಅದರ ಪ್ರಶ್ನೆಯೇ ಬೇರೆ. ಆದರೆ ಅರವತ್ತು ವರ್ಷಗಳಲ್ಲಿ ನಾವು ಆಚಾರ್ಯರ ಬಿಕ್ಕಟ್ಟಿನ ಮೇಲೆ ಬರೆದ ವಿಮರ್ಶೆಯ ರಾಶಿಯ ಪಕ್ಕದಲ್ಲಿ ಚಂದ್ರಿಯ ದುಃಖದ ಬಗ್ಗೆ ಬರೆದದ್ದನ್ನು ಇಟ್ಟು ನೋಡಿದರೆ, ದುಃಖಿಸುವ ಹಕ್ಕು ಯಾರಿಗಿದೆ ಎಂದು ನಾವು ತಿಳಿದಿದ್ದೇವೆಂಬುದು ಗೊತ್ತಾಗುತ್ತದೆ.

ತ್ರಿವೇಣಿಯವರ ‘ಹಣ್ಣೆಲೆ ಚಿಗುರಿದಾಗ’ದಲ್ಲಿ ವಿಧವೆ ಮಗಳು ಮಾಲತಿಗೆ ಮತ್ತೆ ಬಾಳು ದೊರೆಯುತ್ತದೆ, ಅವಳು ಸಾಯಬೇಕಾಗುವುದಿಲ್ಲ. ಅಷ್ಟರಮಟ್ಟಿಗೆ ನೆಮ್ಮದಿ. ಆದರೂ ಹೆಸರನ್ನು ಗಮನಿಸಿ: ಚಿಗುರುವುದು ಹಣ್ಣೆಲೆ, ಅಂದರೆ ಹಟ ಬಿಟ್ಟು ಬದಲಾಗುವ ಮುದಿ ತಂದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಇನ್ನೊಂದು ದಿಕ್ಕಿನದು. ಗಂಡನೆಂದರೇನೆಂದು ತಿಳಿಯುವ ಮೊದಲೇ ಗಂಡನನ್ನು ಕಳೆದುಕೊಂಡ ಫಣಿಗೆ ‘ಕಳೆದುಕೊಂಡದ್ದು’ ಏನೆಂಬುದೇ ಒಗಟು. ಇಡೀ ಆಯುಷ್ಯದ ದುಡಿಮೆಯಲ್ಲಿ, ಬಾಣಂತಿಯರ ಆರೈಕೆಯಲ್ಲಿ, ಕೇಳುವವರಿಲ್ಲದ ಮೌನದಲ್ಲಿ ಅವಳು ತನ್ನ ಅರ್ಥವನ್ನು ತಾನೇ ಕಟ್ಟಿಕೊಳ್ಳುತ್ತಾಳೆ. ಆದರೆ ಆ ಕಾದಂಬರಿಯಲ್ಲಿ ನನ್ನ ವಿದ್ಯಾರ್ಥಿನಿಯರ ಕಣ್ಣು ನೆಡುತ್ತಿದ್ದುದು ಫಣಿಯಮ್ಮನ ಮೇಲಲ್ಲ, ತಲೆ ಬೋಳಿಸಿಕೊಳ್ಳುವುದಿಲ್ಲವೆಂದು ಹಟ ಹಿಡಿಯುವ ಎಳೆಯ ವಿಧವೆ ದಾಕ್ಷಾಯಣಿಯ ಮೇಲೆ. ‘ಅವಳ ಕಥೆಯನ್ನೇ ಯಾಕೆ ಬರೆಯಲಿಲ್ಲ?’ ಎಂದು ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು.

ಈ ಸಾಲಿನಲ್ಲಿ ಗಂಡುಮಕ್ಕಳ ಅದೃಷ್ಟ ತುಸು ವಾಸಿ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ (1941) ರಾಮ ಹುಟ್ಟುವ ಹೊತ್ತಿಗೆ ಅಜ್ಜ ರಾಮ ಐತಾಳರು ಕೂಡಿಟ್ಟದ್ದನ್ನು ಅಪ್ಪ ಲಚ್ಚ ಕರಗಿಸತೊಡಗಿದ್ದಾನೆ. ರಾಮನ ನಷ್ಟ ಒಬ್ಬ ವ್ಯಕ್ತಿಯ ಸಾವಲ್ಲ, ಒಂದು ಮನೆಯ ಮರ್ಯಾದೆ, ಗದ್ದೆ, ಬದುಕಿರುವ ಅಪ್ಪ. ಮದರಾಸಿನ ಓದು, ಚಳವಳಿ, ಸೆರೆಮನೆ, ಮುಂಬಯಿಯ ನಿರುದ್ಯೋಗ ಇವನ್ನೆಲ್ಲ ಸುತ್ತಿ ಅವನು ಕೊನೆಗೆ ಕಡಲ ತೀರದ ತನ್ನ ಊರು ಕೋಡಿಗೆ ಮರಳುತ್ತಾನೆ. ಇಲ್ಲಿ ಕಾರಂತರು ಅವನಿಗೆ ದೊಡ್ಡ ದರ್ಶನವೇನನ್ನೂ ಕೊಡುವುದಿಲ್ಲ. ತಾಯಿ ನಾಗವೇಣಿಯಿದ್ದಾಳೆ, ಅವಳ ಪಿಟೀಲಿದೆ, ಸರಿಪಡಿಸಬೇಕಾದ ಮನೆಯಿದೆ, ಉಳಬೇಕಾದ ನೆಲವಿದೆ. ಜಪಾನಿನ ಹುಡುಗಿಯ ಅಡುಗೆಮನೆಗೂ ಕೋಡಿಯ ಉಪ್ಪುಗಾಳಿಯ ಗದ್ದೆಗೂ ನಡುವೆ ಸುಮಾರು ಐದು ದಶಕಗಳೂ ಒಂದು ಸಮುದ್ರವೂ ಇವೆ. ಆದರೂ ಇಬ್ಬರೂ ಹಿಡಿದ ದಾರಿ ಒಂದೇ ಎಂದು ನನಗೆ ಅನ್ನಿಸುತ್ತದೆ. 1941ರಲ್ಲೇ ಕನ್ನಡದಲ್ಲಿ ಬರೆದುಬಿಟ್ಟದ್ದನ್ನು ಇಂದಿನ ಶೋಕಿ ಎನ್ನುವುದು ಹೇಗೆ?

ಆದ್ದರಿಂದ ಆ ಲೇಖನ ಬರೆದವರಿಗೆ ನನ್ನ ಉತ್ತರ ಇಷ್ಟು: ಕನ್ನಡಕ್ಕೆ ಈ ವಸ್ತು ಪರಕೀಯವಲ್ಲ. ನಮ್ಮ ಕಾದಂಬರಿಕಾರರು ಸಾವನ್ನು ಅದರ ಸೂತಕ, ಸಾಲ, ಪಾಲುಪಟ್ಟಿ ಸಮೇತ ಬಲ್ಲವರು. ಅವರು ಕೈಬಿಟ್ಟದ್ದು ತಿಥಿ ಮುಗಿದು ನೆಂಟರು ಬಸ್ಸು ಹತ್ತಿದ ಮಾರನೆಯ ಬೆಳಗ್ಗೆಯನ್ನು. ಆ ಬೆಳಗ್ಗೆ ಗಂಡುಹುಡುಗನಾದರೆ ಊರು ಬಿಡುವ ದಾರಿಯೊಂದಿತ್ತು, ಹೆಣ್ಣಾದರೆ ಬರೆಯುವವರಿಗೇ ದಾರಿ ಕಾಣಲಿಲ್ಲ. ಬಹುಶಃ ಆ ಕಾಲದ ಸಮಾಜದಲ್ಲೂ ಇರಲಿಲ್ಲ. ಇಂದು ಇದೆ. ಅಪ್ಪ ಸತ್ತ ಮೇಲೆ ನಮ್ಮ ಬೀದಿಯ ಹುಡುಗಿ ಒಂದು ವರ್ಷ ಸಂಜೆ ಹೊತ್ತು ಅದೇ ಮಂಡಿಯಲ್ಲಿ ಅಪ್ಪನ ಜಾಗದಲ್ಲಿ ಕುಳಿತು ಲೆಕ್ಕ ಬರೆದಳು. ಹಳೆಯ ಪುಸ್ತಕಗಳಲ್ಲಿ ಅಪ್ಪನ ಅಕ್ಷರ, ಏಪ್ರಿಲಿನ ಒಂದು ಪುಟದ ನಡುವೆ ನಿಂತುಹೋಗಿತ್ತಂತೆ. ಅದರ ಕೆಳಗಿನ ಸಾಲಿನಿಂದ ಬೇರೊಬ್ಬರ ಅಕ್ಷರ, ಮುಂದಿನ ಪುಸ್ತಕದಲ್ಲಿ ಇವಳದು. ಅಷ್ಟನ್ನು ಯಾರಾದರೂ ಇನ್ನೂರು ಪುಟ ಬರೆದರೆ ನಾನು ದುಡ್ಡು ಕೊಟ್ಟು ಕೊಳ್ಳುತ್ತೇನೆ.

ಕೊಂಡು ಓದುವ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಈ ಪುಸ್ತಕಗಳನ್ನು ಹುಡುಕಿಕೊಂಡು ನಾವಿಬ್ಬರೂ ಹೋದ ಗ್ರಂಥಾಲಯವೊಂದರಲ್ಲಿ ಫಣಿಯಮ್ಮ ‘ಮಹಿಳಾ ಸಾಹಿತ್ಯ’ದ ಕಪಾಟಿನಲ್ಲಿಯೂ ಮರಳಿ ಮಣ್ಣಿಗೆ ಪರೀಕ್ಷಾ ಮಾರ್ಗದರ್ಶಿಗಳ ಜೊತೆಯಲ್ಲಿಯೂ ಇದ್ದವು, ಬಾಗಿಲ ಬಳಿ ‘ಯುವಜನರಿಗಾಗಿ’ ಎಂಬ ಫಲಕದ ಕೆಳಗೆ ಯಶಸ್ಸಿನ ಸೂತ್ರ ಹೇಳುವ ಪುಸ್ತಕಗಳು ಮಾತ್ರ ತುಂಬಿದ್ದವು. ಅಲ್ಲಿನ ಸಿಬ್ಬಂದಿಯನ್ನು ದೂರುವುದು ನನ್ನ ಉದ್ದೇಶವಲ್ಲ. ಪಾಠ ಹೇಳುವಾಗ ನಾವೂ ಇದನ್ನೇ ಮಾಡಿದೆವು: ವಂಶವೃಕ್ಷವೆಂದರೆ ಪರಂಪರೆ ಮತ್ತು ಆಧುನಿಕತೆಯ ಸಂಘರ್ಷ, ಮರಳಿ ಮಣ್ಣಿಗೆಯೆಂದರೆ ಮೂರು ತಲೆಮಾರು, ಎಂದು ಹತ್ತು ಅಂಕಕ್ಕೆ ಉತ್ತರ ಬರೆಸಿದೆವು. ಅದರೊಳಗೆ ಇಪ್ಪತ್ತರ ಆಸುಪಾಸಿನ ಒಬ್ಬಳು ರೈಲಿನ ಕಿಟಕಿಯ ಪಕ್ಕ ಕುಳಿತಿದ್ದಾಳೆ ಎಂದು ಹೇಳಲು ಪಠ್ಯಕ್ರಮದಲ್ಲಿ ಜಾಗವಿರಲಿಲ್ಲ.

ಕೊನೆಯದಾಗಿ ತಮ್ಮಲ್ಲಿ ಒಂದು ಕೋರಿಕೆ. ಮನೆಯಲ್ಲಿ ಸಾವು ಸಂಭವಿಸಿದ ದಿನಗಳಲ್ಲಿ ತಾವು ಯಾವ ಕನ್ನಡ ಕಾದಂಬರಿಯನ್ನು ಕೈಗೆತ್ತಿಕೊಂಡಿರಿ, ಅದು ಎಲ್ಲಿಯವರೆಗೆ ಜೊತೆಗೆ ಬಂತು, ಎಲ್ಲಿ ಕೈಬಿಟ್ಟಿತು ಎಂದು ಮೂವತ್ತರೊಳಗಿನ ಓದುಗರು ಬರೆದು ಕಳುಹಿಸುವಂತೆ ತಮ್ಮ ಪುರವಣಿಯಲ್ಲಿ ಕೇಳಬಹುದೇ? ನಾಲ್ಕು ವಾರ ಅರ್ಧ ಪುಟ ಸಾಕು. ಕೆಲವರು ಸಿನಿಮಾದ ಹೆಸರು ಹೇಳಬಹುದು, ಕೆಲವರು ಏನನ್ನೂ ಓದಲಾಗಲಿಲ್ಲ ಎನ್ನಬಹುದು, ಅದೂ ಬರಲಿ. ಮೊದಲ ಪತ್ರ ತಾನೇ ಬರೆಯುವುದಾಗಿ ನಮ್ಮ ಬೀದಿಯ ಹುಡುಗಿ ಒಪ್ಪಿದ್ದಾಳೆ. ಸದ್ಯಕ್ಕೆ ಅವಳು ನನ್ನ ಭಿತ್ತಿಯ ಪ್ರತಿಯನ್ನು ಒಯ್ದಿದ್ದಾಳೆ. ಮುಂಬಯಿಯ ಕೂಲಿಯ ಪ್ರಕರಣ ಮುಗಿಯುವವರೆಗೆ ವಾಪಸು ಕೇಳಬೇಡಿ ಎಂದಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕನ್ನಡ ಅಧ್ಯಾಪಕಿ,
ತಿಪಟೂರು